ಒಂದು ಗೀತ, ಹಲವು ಧ್ವನಿಮುದ್ರಿಕೆಗಳು



ಪಾಶ್ಚಾತ್ಯ ಸಂಗೀತದಲ್ಲಿ ಅಭಿರುಚಿಯುಳ್ಳವರು ನಾಲ್ವರು ಒಂದೆಡೆ ಸೇರಿದರೆ ಅವರಲ್ಲಿ ತಪ್ಪದೆ ಹುಟ್ಟುವ ಚರ್ಚೆಯೊಂದುಂಟು. ಇಂತಹ ಕೃತಿಗೆ ಯಾರ ಧ್ವನಿಮುದ್ರಿಕೆ ಉತ್ತಮವಾದುದು, ಯಾರ ನಿರ್ದೇಶನ ಪ್ರಮಾಣವಾದುದು ಎಂಬುದೇ ಆ ಚರ್ಚೆ. ಅದು ಎಷ್ಟು ಹೊತ್ತು ನಡೆದರೂ ಕಡೆಯಲ್ಲಿ ಪ್ರತಿಯೊಬ್ಬನೂ ತಾನು ತಂದ ಅಭಿಪ್ರಾಯವನ್ನೇ ಹೊತ್ತುಕೊಂಡು ಮನೆಗೆ ಹೋಗುವುದು ವಾಡಿಕೆ. ಈ ಸಂಜೆ ನಾನು ಅದಕ್ಕಿಂತ ಉಪಯುಕ್ತವಾದ ಪ್ರಶ್ನೆಯೊಂದನ್ನು ತಮ್ಮ ಮುಂದಿಡಬಯಸುತ್ತೇನೆ. ಒಂದೇ ಕೃತಿಯ ಹಲವು ಮುದ್ರಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳಿದರೆ ಆ ಕೃತಿಯ ವಿಷಯದಲ್ಲಿ ನಮಗೆ ಹೊಸದಾಗಿ ತಿಳಿಯುವುದೇನು?

ಇದಕ್ಕೆ ಉದಾಹರಣೆಯಾಗಿ ರಿಚರ್ಡ್ ಸ್ಟ್ರೌಸನ 'ಕಡೆಯ ನಾಲ್ಕು ಗೀತಗಳು' ಎಂಬ ಕೃತಿಯನ್ನು ಆರಿಸಿಕೊಂಡಿದ್ದೇನೆ. ಇದು ಒಂದು ಸ್ತ್ರೀಕಂಠಕ್ಕೂ ದೊಡ್ಡ ವಾದ್ಯವೃಂದಕ್ಕೂ ಬರೆದ ರಚನೆ. ೧೮೬೪ರಲ್ಲಿ ಹುಟ್ಟಿದ ಸ್ಟ್ರೌಸನು, ಯುದ್ಧದಿಂದ ಹಾಳಾದ ಜರ್ಮನಿಯನ್ನು ಬಿಟ್ಟು ಸ್ವಿಟ್ಜರ್ಲೆಂಡಿನಲ್ಲಿ ಪತ್ನಿಯೊಡನೆ ಇದ್ದ ಕಾಲದಲ್ಲಿ, ೧೯೪೮ರಲ್ಲಿ, ಇದನ್ನು ಬರೆದನು. ಮೂರು ಗೀತಗಳ ಸಾಹಿತ್ಯ ಹೆರ್ಮನ್ ಹೆಸ್ಸೆಯದು. ನಾಲ್ಕನೆಯದು ಹಿಂದಿನ ಶತಮಾನದ ಕವಿ ಐಷೆನ್‌ಡಾರ್ಫನದು. 'ಕಡೆಯ ನಾಲ್ಕು ಗೀತಗಳು' ಎಂಬ ಹೆಸರನ್ನೂ ಈಗ ರೂಢಿಯಲ್ಲಿರುವ ಕ್ರಮವನ್ನೂ ಕೊಟ್ಟವನು ಸ್ಟ್ರೌಸನಲ್ಲ. ಆತನ ಮರಣಾನಂತರ ಅವುಗಳನ್ನು ಪ್ರಕಟಿಸಿದ ಅರ್ನ್ಸ್ಟ್ ರೋತ್ ಎಂಬಾತನು. ಸ್ಟ್ರೌಸನು ೧೯೪೯ರ ಸೆಪ್ಟೆಂಬರ್ ೮ರಂದು ತೀರಿಕೊಂಡನು. ಈ ಗೀತಗಳನ್ನು ವಾದ್ಯವೃಂದದೊಡನೆ ಹಾಡಿದುದನ್ನು ಕೇಳುವ ಭಾಗ್ಯ ಆತನಿಗೆ ಬರಲಿಲ್ಲ.

ಮೊದಲ ಗಾಯನವು ೧೯೫೦ರ ಮೇ ೨೨ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಹಾಡಿದವಳು ನಾರ್ವೆ ದೇಶದ ಕರ್ಸ್ಟೆನ್ ಫ್ಲಾಗ್‌ಸ್ಟಾಡ್. ನುಡಿಸಿದುದು ಫಿಲ್‌ಹಾರ್ಮೋನಿಯಾ ವಾದ್ಯವೃಂದ. ನಿರ್ದೇಶಕನು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಇದಕ್ಕೆ ಒಂಬತ್ತು ದಿನ ಮೊದಲು ಸ್ಟ್ರೌಸನ ಪತ್ನಿ ಪೌಲೀನಳೂ ಗತಿಸಿದ್ದಳು. ಮೈಸೂರಿನವರಾದ ನಾವು ಈ ಸಭೆಯ ವಿಷಯದಲ್ಲಿ ನೆನೆಯಬೇಕಾದ ಸಂಗತಿಯೊಂದಿದೆ. ಶ್ರೀ ಜಯಚಾಮರಾಜೇಂದ್ರ ಒಡೆಯರವರು ಫಿಲ್‌ಹಾರ್ಮೋನಿಯಾ ಸಂಗೀತಸಭೆಯ ಮೊದಲ ಅಧ್ಯಕ್ಷರಾಗಿದ್ದರು. ರಷ್ಯಾ ದೇಶದ ಮೆಟ್ನರನ ಕೃತಿಗಳನ್ನು ಆತನಿಂದಲೇ ನುಡಿಸಿ ಮುದ್ರಿಸುವಂತೆ ಧನಸಹಾಯ ಮಾಡಿದವರೂ ಅವರೇ. ಲಂಡನ್ನಿನ ಈ ಸಭೆಗೆ ಅವರು ಹೋಗಲಾಗಲಿಲ್ಲ. ಆದರೂ ೪,೮೦೦ ಡಾಲರುಗಳ ಹೊಣೆ ಹೊತ್ತು, ಗಾಯನವನ್ನು ತಟ್ಟೆಗಳ ಮೇಲೆ ಮುದ್ರಿಸಿ ಮೈಸೂರಿನಲ್ಲಿದ್ದ ತಮ್ಮ ಸಂಗ್ರಹಕ್ಕೆ ಕಳುಹಿಸುವ ಏರ್ಪಾಡನ್ನು ಮಾಡಿಸಿದರು. ಆ ದಿನದ ಧ್ವನಿ ಇಂದಿಗೂ ಉಳಿದಿರುವುದಕ್ಕೆ ದೂರದಲ್ಲಿದ್ದ ಒಬ್ಬ ಶ್ರೋತೃವಿನ ಕುತೂಹಲವೇ ಮೂಲ.

ಆದರೆ ಆ ತಟ್ಟೆಗಳು ಬಹಳವಾಗಿ ಸವೆದುಹೋದುವು. ಅವುಗಳಿಂದ ತೆಗೆದ ಮೊದಲ ಪ್ರತಿಗಳನ್ನು ಕೇಳಿದವರಿಗೆ ಸಂಗೀತಕ್ಕಿಂತ ಮೊದಲು ಗರಗರ ಸದ್ದೇ ಕಿವಿಗೆ ಬೀಳುತ್ತಿತ್ತು. ೨೦೦೭ರಲ್ಲಿಯೂ ೨೦೧೪ರಲ್ಲಿಯೂ ಹೊಸ ಯಂತ್ರಸಾಧನಗಳಿಂದ ಅದನ್ನು ಶುದ್ಧಿ ಮಾಡಿದ ಮೇಲೂ ಅದು ಹಳೆಯ ಮುದ್ರಿಕೆಯಾಗಿಯೇ ಉಳಿದಿದೆ. ಹಳಗನ್ನಡ ಕಾವ್ಯವನ್ನು ಸಂಪಾದಿಸುವ ಪಂಡಿತನು ಹುಳು ತಿಂದ ಓಲೆಗರಿಯನ್ನು ಹೇಗೆ ನೋಡುತ್ತಾನೋ ಹಾಗೆ ನಾವು ಇದನ್ನು ಕೇಳಬೇಕು. ಗರಿ ಮುಕ್ಕಾಗಿದೆಯೆಂದು ಆತನು ಅದನ್ನು ಎಸೆಯುವುದಿಲ್ಲ; ಅಂದವಾದ ಹೊಸ ಪ್ರತಿಯೊಂದು ಕೈಯಲ್ಲಿದ್ದರೂ ಹಳೆಯದರ ಪಾಠವನ್ನು ಮೊದಲು ನೋಡುತ್ತಾನೆ. ಹಾಗೆಂದು ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಿಬಿಡುವುದೂ ಇಲ್ಲ. ಈ ಎರಡು ಎಚ್ಚರಗಳೂ ಧ್ವನಿಮುದ್ರಿಕೆಗಳ ತುಲನೆಗೆ ಅವಶ್ಯವಾದುವು.

ತುಲನೆಗಾಗಿ ನಾಲ್ಕನೆಯ ಗೀತವನ್ನು, ಎಂದರೆ 'ಸಂಜೆಗೆಂಪಿನಲ್ಲಿ' ಎಂಬುದನ್ನು, ತೆಗೆದುಕೊಳ್ಳೋಣ. ಇದರ ಸಾಹಿತ್ಯದ ಭಾವ ಹೀಗಿದೆ: ಸುಖದುಃಖಗಳಲ್ಲಿ ಕೈಹಿಡಿದು ನಡೆದುಬಂದ ಇಬ್ಬರು ವೃದ್ಧರು ದಿನದ ಕೊನೆಯಲ್ಲಿ ಒಂದು ಪ್ರಶಾಂತವಾದ ಪ್ರದೇಶವನ್ನು ಸೇರಿದ್ದಾರೆ. ಸುತ್ತಲೂ ಕಣಿವೆಗಳು ಇಳಿದಿವೆ, ಗಾಳಿ ಕಪ್ಪಾಗುತ್ತಿದೆ. ಲಾರ್ಕ್ ಎಂಬ ಬಾನಾಡಿಗಳೆರಡು ಮಾತ್ರ ಇನ್ನೂ ಮೇಲೇರುತ್ತಿವೆ. ಇವುಗಳ ದನಿಯನ್ನು ಸ್ಟ್ರೌಸನು ಎರಡು ಕೊಳಲುಗಳ ಕಂಪಿತದಲ್ಲಿ ತೋರಿಸಿದ್ದಾನೆ. ಅಲೆದು ದಣಿದ ಆ ದಂಪತಿಗಳಿಗೆ, ಇದೇ ಮರಣವಿರಬಹುದೇ ಎಂಬ ಶಂಕೆ ಮೂಡುವಲ್ಲಿಗೆ ಹಾಡು ನಿಲ್ಲುತ್ತದೆ. ಆಗ ಹಾರ್ನ್ ವಾದ್ಯವು ಒಂದು ಸ್ವರಪಂಕ್ತಿಯನ್ನು ಮೆಲ್ಲನೆ ನುಡಿಯುತ್ತದೆ. ಅದು ಸ್ಟ್ರೌಸನೇ ಸುಮಾರು ಅರುವತ್ತು ವರ್ಷಗಳ ಹಿಂದೆ, ತನ್ನ ಯೌವನದಲ್ಲಿ, 'ಮರಣ ಮತ್ತು ರೂಪಾಂತರ' ಎಂಬ ಕೃತಿಯಲ್ಲಿ ಬರೆದಿದ್ದ ಪಂಕ್ತಿ. ಬಳಿಕ ಮತ್ತೆ ಹಕ್ಕಿಗಳ ದನಿ; ಅಲ್ಲಿಗೆ ಮುಕ್ತಾಯ.

ಈ ಗೀತಕ್ಕೆ ಸ್ವರಲಿಪಿಯಲ್ಲಿ ಸೂಚಿಸಿರುವ ನಡೆ 'ಆಂಡಾಂಟೆ' ಎಂಬುದು. ಇಟಲಿಯ ಭಾಷೆಯಲ್ಲಿ ಈ ಶಬ್ದಕ್ಕೆ ನಡೆಯುತ್ತಿರುವ ಎಂದೇ ಅರ್ಥ. ಹಾಗಾದರೆ ಆ ವೃದ್ಧರು ಎಷ್ಟು ವೇಗದಲ್ಲಿ ನಡೆಯುತ್ತಿದ್ದಾರೆ? ೧೯೫೩ರಲ್ಲಿ ಲೀಸಾ ಡೆಲ್ಲಾ ಕಾಸಾ ಎಂಬಾಕೆ ವಿಯೆನ್ನಾ ವಾದ್ಯವೃಂದದೊಡನೆ, ಕಾರ್ಲ್ ಬೋಮನ ನಿರ್ದೇಶನದಲ್ಲಿ ಹಾಡಿದ ಮುದ್ರಿಕೆಯಲ್ಲಿ ಈ ಗೀತಕ್ಕೆ ಹಿಡಿದ ಕಾಲ ಸುಮಾರು ಆರು ನಿಮಿಷ. ೧೯೭೩ರಲ್ಲಿ ಗುಂಡುಲಾ ಯಾನೊವಿಟ್ಸ್ ಕಾರಾಯಾನನ ನಿರ್ದೇಶನದಲ್ಲಿ ಹಾಡಿದುದು ಏಳು ನಿಮಿಷಕ್ಕೆ ತುಸು ಮೇಲ್ಪಟ್ಟಿದೆ. ೧೯೬೫ರಲ್ಲಿ ಎಲಿಜಬೆತ್ ಷ್ವಾರ್ಟ್ಸ್‌ಕಾಫ್ ಜಾರ್ಜ್ ಸೆಲ್ಲನೊಡನೆ ಹಾಡಿದುದಕ್ಕೆ ಎಂಟು ನಿಮಿಷಕ್ಕೂ ಹೆಚ್ಚು. ೧೯೮೨ರಲ್ಲಿ ಜೆಸ್ಸಿ ನಾರ್ಮನ್ ಲೈಪ್‌ಜಿಗ್ ನಗರದ ವಾದ್ಯವೃಂದದೊಡನೆ, ಕುರ್ಟ್ ಮಾಸುರನ ನಿರ್ದೇಶನದಲ್ಲಿ ಹಾಡಿದುದು ಹತ್ತು ನಿಮಿಷಕ್ಕೆ ಬಹಳ ಸಮೀಪ. ಸ್ವರಗಳು ಅವೇ, ಪದಗಳು ಅವೇ. ಕಾಲ ಮಾತ್ರ ಆರು ನಿಮಿಷದಿಂದ ಹತ್ತು ನಿಮಿಷದವರೆಗೆ ಹಿಗ್ಗಿದೆ.

ಕಾಲಪ್ರಮಾಣವು ಸಂಗೀತದ ಹೊರಗಿನ ಅಳತೆಯಲ್ಲವೆಂಬುದನ್ನು ನಮ್ಮ ಸಂಗೀತವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಚೌಕಕಾಲದಲ್ಲಿ ಹಾಡಬೇಕಾದ ಕೃತಿಯನ್ನು ಮಧ್ಯಮಕಾಲಕ್ಕೆ ತಂದರೆ ರಾಗದ ಸ್ವರೂಪವೇ ಬೇರೆಯಾಗಿ ತೋರುವುದನ್ನು ನಾವು ಕೇಳಿದ್ದೇವೆ. ಸ್ಟ್ರೌಸನ ಗೀತದಲ್ಲಿ ಆಗುವ ವ್ಯತ್ಯಾಸವೂ ಇದೇ ಬಗೆಯದು. ಬೋಮನ ಮುದ್ರಿಕೆಯಲ್ಲಿ ಆರಂಭದ ದೀರ್ಘವಾದ ವಾದ್ಯಭಾಗವು ಮುಂದಕ್ಕೆ ಚಲಿಸುತ್ತದೆ. ಅಲ್ಲಿ ಇಬ್ಬರು ನಿಜವಾಗಿಯೂ ನಡೆದುಬರುತ್ತಿದ್ದಾರೆ. ಕವಿತೆಯ ಕೊನೆಗೆ ದಣಿವಿನ ಮಾತು ಬಂದಾಗ ಸಂಗೀತವು ನಿಧಾನಗೊಳ್ಳುತ್ತದೆ. ನಡೆಯುತ್ತಿದ್ದವರ ಹೆಜ್ಜೆ ತಡೆಯುವುದು ಕಿವಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಆಗ ಮರಣದ ಪ್ರಶ್ನೆ ಕೇಳಬಂದರೆ ಅದು ದಾರಿಯ ತಿರುವಿನಲ್ಲಿ ಥಟ್ಟನೆ ಎದುರಾದಂತೆ ಇರುತ್ತದೆ.

ಮಾಸುರನ ಮುದ್ರಿಕೆಯಲ್ಲಿ ವಾದ್ಯವೃಂದದ ವರ್ಣಸಂಪತ್ತು ಅಸಾಧಾರಣವಾದುದು. ಬೇರೆಡೆ ಮರೆಯಾಗಿರುವ ಒಳದನಿಗಳು ಇಲ್ಲಿ ಒಂದೊಂದಾಗಿ ಬೆಳಕಿಗೆ ಬರುತ್ತವೆ. ನಾರ್ಮನ್ನಳ ಕಂಠವಂತೂ ಆ ವಿಸ್ತಾರವನ್ನೆಲ್ಲ ತುಂಬಿ ನಿಲ್ಲುತ್ತದೆ; ಅಂತಹ ಉಸಿರಿನ ಬಲವಿಲ್ಲದವರು ಈ ನಡೆಯಲ್ಲಿ ಹಾಡಹೊರಟರೆ ಸಾಲು ನಡುವೆಯೇ ಮುರಿದುಬೀಳುವುದು. ಇದನ್ನು ಕೇಳಿ ಮನಸ್ಸು ಮೂಕವಾಗದವರು ವಿರಳ. ಆದರೆ ಒಂದು ನಷ್ಟವೂ ಇಲ್ಲದಿಲ್ಲ. ಮೊದಲಿನಿಂದಲೇ ಹೆಜ್ಜೆ ಇಷ್ಟು ನಿಧಾನವಾಗಿದ್ದರೆ, ಕೊನೆಯಲ್ಲಿ ಅದು ಇನ್ನೂ ನಿಧಾನಗೊಂಡುದು ಕಿವಿಗೆ ತಿಳಿಯುವುದೆಂತು? ಪ್ರಯಾಣಿಕರು ಪ್ರಾರಂಭದಲ್ಲಿಯೇ ಕುಳಿತುಬಿಟ್ಟಂತಾಗುತ್ತದೆ. ಕವಿಯು ಕೊನೆಯ ಸಾಲಿನಲ್ಲಿ ಶಂಕೆಯಾಗಿ ಇಟ್ಟುದನ್ನು ಗಾಯನವು ಮೊದಲ ಸ್ವರದಲ್ಲಿಯೇ ನಿಶ್ಚಯವಾಗಿ ಹೇಳಿಬಿಡುತ್ತದೆ. ಉತ್ತರವು ಮೊದಲೇ ತಿಳಿದಿದ್ದ ಮೇಲೆ ಪ್ರಶ್ನೆಗೆ ಬಲವೆಲ್ಲಿಯದು?

ಹಾಗಾದರೆ ಆರು ನಿಮಿಷವೇ ಸರಿ, ಹತ್ತು ನಿಮಿಷ ತಪ್ಪು ಎಂದು ತೀರ್ಮಾನಿಸೋಣವೇ? ಬೋಮನು ಸ್ಟ್ರೌಸನಿಗೆ ಬಹಳ ಹತ್ತಿರದವನು. ಆತನ ಎರಡು ಒಪೆರಾಗಳನ್ನು ೧೯೩೫ರಲ್ಲಿಯೂ ೧೯೩೮ರಲ್ಲಿಯೂ ಡ್ರೆಸ್ಡನ್ನಿನಲ್ಲಿ ಮೊದಲು ನಿರ್ದೇಶಿಸಿದವನು. ಎರಡನೆಯದಾದ 'ಡಾಫ್ನೆ' ಆತನಿಗೇ ಅಂಕಿತವಾದುದು. ಸ್ಟ್ರೌಸನ ಮನಸ್ಸನ್ನು ಬಲ್ಲವನ ನಡೆಯೇ ಪ್ರಮಾಣವೆಂದು ವಾದಿಸಲು ಇದು ಸಾಲದೇ? ಸಾಲದು. ಏಕೆಂದರೆ ಎಂಟು ನಿಮಿಷ ತೆಗೆದುಕೊಂಡ ಜಾರ್ಜ್ ಸೆಲ್ಲನೂ ತಾರುಣ್ಯದಲ್ಲಿ ಬರ್ಲಿನ್ನಿನ ಒಪೆರಾ ಮಂದಿರದಲ್ಲಿ ಸ್ಟ್ರೌಸನ ಕೈಕೆಳಗೆ ಕೆಲಸ ಕಲಿತವನೇ. ಒಬ್ಬನೇ ಗುರುವಿನ ಸಮೀಪದಲ್ಲಿದ್ದ ಇಬ್ಬರು ಎರಡು ಪಾಠಗಳನ್ನು ಹೇಳುತ್ತಿದ್ದಾರೆ. ಗುರುಪರಂಪರೆಯ ಹೆಸರನ್ನು ಹೇಳಿ ವಾದವನ್ನು ಮುಗಿಸುವ ಅಭ್ಯಾಸ ನಮ್ಮಲ್ಲಿಯೂ ಉಂಟು. ಮುದ್ರಿಕೆಗಳು ಆ ಅಭ್ಯಾಸಕ್ಕೆ ಒಳ್ಳೆಯ ಮದ್ದು.

ಸೆಲ್ಲನ ಮುದ್ರಿಕೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಗಡಿಯಾರದಲ್ಲಿ ಅದು ಬೋಮನದಕ್ಕಿಂತ ಎರಡು ನಿಮಿಷಕ್ಕೂ ಹೆಚ್ಚು ದೀರ್ಘವಾಗಿದ್ದರೂ ಕಿವಿಯಲ್ಲಿ ಅದು ನಿಂತ ನೀರಾಗುವುದಿಲ್ಲ. ತಳದಲ್ಲಿ ತಂತೀವಾದ್ಯಗಳ ಮಿಡಿತ ತಪ್ಪದೆ ಇರುವುದರಿಂದ ವೃದ್ಧರು ಮೆಲ್ಲಗಾದರೂ ನಡೆಯುತ್ತಲೇ ಇದ್ದಾರೆ. ಆದುದರಿಂದ ನಿಮಿಷಗಳ ಪಟ್ಟಿಯನ್ನು ನೋಡಿ ಮುದ್ರಿಕೆಗಳಿಗೆ ಅಂಕಗಳನ್ನು ಹಾಕುವುದು ಸಾಲದು. ಷ್ವಾರ್ಟ್ಸ್‌ಕಾಫಳು ಇದೇ ಗೀತಗಳನ್ನು ೧೯೫೩ರಲ್ಲಿ ಆಟೊ ಆಕರ್‌ಮನ್ನನೊಡನೆಯೂ ಹಾಡಿದ್ದಳು. ಆಗ ಆಕೆಗೆ ಮೂವತ್ತೇಳು ವರ್ಷ. ಸೆಲ್ಲನೊಡನೆ ಹಾಡಿದಾಗ ನಲವತ್ತೊಂಬತ್ತು. ಮೊದಲನೆಯದರಲ್ಲಿ ಕಂಠ ಹಗುರ, ನಡೆ ಸರಾಗ. ಎರಡನೆಯದರಲ್ಲಿ ಒಂದೊಂದು ಪದವನ್ನೂ ತೂಗಿ ಇಟ್ಟ ಹಾಗಿದೆ. ಒಬ್ಬಳೇ ಗಾಯಕಿ ಹನ್ನೆರಡು ವರ್ಷಗಳಲ್ಲಿ ಬೇರೊಂದು ಅರ್ಥವನ್ನು ಕಂಡಳೆಂದ ಮೇಲೆ ಆಕೆಯ ಯಾವ ಪಾಠವನ್ನು ನಾವು ಆಕೆಯದೆನ್ನಬೇಕು?

ಈಗ ಮತ್ತೆ ಆ ಸವೆದ ತಟ್ಟೆಗಳ ಕಡೆಗೆ ತಿರುಗೋಣ. ಫುರ್ಟ್‌ವೆಂಗ್ಲರನ ನಡೆ ಬೋಮನಷ್ಟು ಚುರುಕಾದುದಲ್ಲ, ಮಾಸುರನಷ್ಟು ವಿಳಂಬವಾದುದೂ ಅಲ್ಲ. ಫ್ಲಾಗ್‌ಸ್ಟಾಡಳಿಗೆ ಆಗ ಐವತ್ತನಾಲ್ಕು ವರ್ಷ. ವಾಗ್ನರನ ಒಪೆರಾಗಳಲ್ಲಿ ಬೆಳೆದ ಘನವಾದ ಶಾರೀರ ಆಕೆಯದು. ಮುದ್ರಣಶಾಲೆಯಲ್ಲಿ ಯಂತ್ರವನ್ನು ಗಾಯಕಿಯ ಬಳಿಯಿಟ್ಟು ಆಕೆಯ ಒಂದೊಂದು ಉಸಿರನ್ನೂ ಹಿಡಿಯಬಹುದು, ಇಲ್ಲಿ ಹಾಗಿಲ್ಲ. ದೊಡ್ಡ ಮಂದಿರದ ನಡುವೆ ಧ್ವನಿಯು ವಾದ್ಯಗಳ ಜೊತೆಗೂಡಿ ಏಳುತ್ತದೆ, ಕೆಲವೆಡೆ ಅವುಗಳಲ್ಲಿಯೇ ಮುಳುಗುತ್ತದೆ. ಆ ದಿನ ಹಾಡಿದ ಕ್ರಮವೂ ಬೇರೆ: 'ನಿದ್ರೆಗೆ ತೆರಳುವಾಗ' ಮೊದಲು, ಆಮೇಲೆ 'ಸೆಪ್ಟೆಂಬರ್', ಆಮೇಲೆ 'ವಸಂತ', ಕಡೆಗೆ 'ಸಂಜೆಗೆಂಪಿನಲ್ಲಿ'. ವಸಂತದಿಂದ ಸಂಜೆಗೆ ನೇರವಾಗಿ ಬರುವ ಈ ಕ್ರಮದಲ್ಲಿ ಕೊನೆಯ ಗೀತವು ಮೆಟ್ಟಲು ಮೆಟ್ಟಲಾಗಿ ಇಳಿದುಬಂದ ಮುಕ್ತಾಯವೆನಿಸುವುದಿಲ್ಲ. ಹಠಾತ್ತಾಗಿ ಕವಿದ ಸಂಜೆಯೆನಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಆ ದಿನ ಹಾಡಿದವರಿಗೂ ನುಡಿಸಿದವರಿಗೂ ಅನುಸರಿಸಲು ಹಿಂದಿನ ಮುದ್ರಿಕೆಯೊಂದೂ ಇರಲಿಲ್ಲ. ಈ ಗೀತಗಳು ಹೀಗೆಯೇ ಗಂಭೀರವಾಗಿರಬೇಕು, ಹೀಗೆಯೇ ಕಣ್ಣೀರು ತರಿಸಬೇಕು ಎಂಬ ರೂಢಿ ಇನ್ನೂ ಹುಟ್ಟಿರಲಿಲ್ಲ. ಅವರ ಮುಂದೆ ಇದ್ದುದು ಸ್ವರಲಿಪಿ ಒಂದೇ. ಗರಗರ ಸದ್ದಿನ ಹಿಂದೆ ಕೇಳಬರುವ ಆ ತಾಜಾತನವನ್ನು ಅನಂತರದ ಯಾವ ಸ್ವಚ್ಛವಾದ ಮುದ್ರಿಕೆಯೂ ಕೊಡಲಾರದು.

ಮುದ್ರಿಕೆಗಳನ್ನು ತುಲನೆ ಮಾಡಬಯಸುವವರಿಗೆ ನನ್ನ ವಿಜ್ಞಾಪನೆ ಇಷ್ಟೇ. ಇಡೀ ಕೃತಿಯನ್ನು ಒಂದಾದ ಮೇಲೊಂದರಂತೆ ಕೇಳಿ ದಣಿಯುವುದಕ್ಕಿಂತ ಒಂದೇ ಸ್ಥಳವನ್ನು ಆರಿಸಿಕೊಂಡು ಎಲ್ಲ ಮುದ್ರಿಕೆಗಳಲ್ಲಿಯೂ ಅದನ್ನೇ ಕೇಳಬೇಕು. 'ನಿದ್ರೆಗೆ ತೆರಳುವಾಗ' ಎಂಬ ಗೀತದಲ್ಲಿ ಪಿಟೀಲು ಒಂಟಿಯಾಗಿ ಹಾಡಿದ ಮೇಲೆ ಕಂಠವು ಅದೇ ಸ್ವರಪಂಕ್ತಿಯನ್ನು ಎತ್ತಿಕೊಳ್ಳುವ ಸ್ಥಳ ಇದಕ್ಕೆ ಬಹು ಯೋಗ್ಯವಾದುದು. ಗಾಯಕಿ ಎಲ್ಲಿ ಉಸಿರು ತೆಗೆದುಕೊಂಡಳು, ಪಿಟೀಲಿನ ಬಾಗುವಿಕೆಯನ್ನು ಆಕೆ ಅನುಸರಿಸಿದಳೇ ಬಿಟ್ಟಳೇ, ನಿರ್ದೇಶಕನು ಆಕೆಗಾಗಿ ಕಾದನೇ ಎಂಬ ಮೂರು ಪ್ರಶ್ನೆಗಳನ್ನು ಹಾಕಿಕೊಂಡರೆ ಸಾಕು. ಉಳಿದುದನ್ನು ಕಿವಿಯೇ ಹೇಳುತ್ತದೆ. ಹಾಗೆಯೇ ತಟ್ಟೆಯ ದೋಷವನ್ನು ಗಾಯನದ ದೋಷವೆಂದು ಎಣಿಸಬಾರದು. ತಟ್ಟೆಯ ನಯವನ್ನು ಗಾಯನದ ಗುಣವೆಂದು ಹೊಗಳಲೂಬಾರದು.

ನನ್ನ ಒಲವನ್ನು ಮುಚ್ಚಿಡುವುದಿಲ್ಲ. ಒಂದೇ ಮುದ್ರಿಕೆಯನ್ನು ಇಟ್ಟುಕೊಳ್ಳಬೇಕೆಂದರೆ ನಾನು ಬೋಮನದನ್ನು ಇಟ್ಟುಕೊಳ್ಳುವೆನು. ಅದರಲ್ಲಿ ನಡೆಯುವವರು ನಡೆಯುತ್ತಾರೆ, ಕೇಳುವವರು ಕೇಳುತ್ತಾರೆ. ಆದರೆ ನಾರ್ಮನ್ನಳ ಹತ್ತು ನಿಮಿಷಗಳನ್ನು ಕೇಳದಿದ್ದರೆ ಬೋಮನ ಆರು ನಿಮಿಷಗಳಲ್ಲಿ ಆ ಹೆಜ್ಜೆಗಳಿವೆಯೆಂದೇ ನನಗೆ ಗೊತ್ತಾಗುತ್ತಿರಲಿಲ್ಲ. ಒಂದನ್ನು ಮಾತ್ರ ಕೇಳಿದವನಿಗೆ ಅದೇ ಕೃತಿ. ಎರಡನ್ನು ಕೇಳಿದವನಿಗೆ ಕೃತಿ ಬೇರೆ, ಗಾಯನ ಬೇರೆ ಎಂಬುದು ತಿಳಿಯುತ್ತದೆ. ನಾಲ್ಕನ್ನು ಕೇಳಿದವನು ಸ್ಟ್ರೌಸನು ಉತ್ತರ ಹೇಳದೆ ಬಿಟ್ಟುಹೋದ ಪ್ರಶ್ನೆಯ ಹತ್ತಿರಕ್ಕೆ ಬರುತ್ತಾನೆ. ಲಂಡನ್ ವಿಯೆನ್ನಾಗಳ ಸಂಗೀತಮಂದಿರಗಳಿಂದ ದೂರದಲ್ಲಿರುವ ನಮಗೆ ಮುದ್ರಿಕೆಗಳ ಹೊರತು ಬೇರೆ ದಾರಿಯಿಲ್ಲವೆಂದು ಕೊರಗಬೇಕಾಗಿಲ್ಲ. ಆ ಮೇ ತಿಂಗಳ ಸಂಜೆ ಮಂದಿರದಲ್ಲಿ ಕುಳಿತಿದ್ದವರು ಒಂದೇ ಗಾಯನವನ್ನು ಒಂದೇ ಸಲ ಕೇಳಿದರು. ನಾವು ಅದನ್ನೂ ಕೇಳಬಹುದು, ಅದರ ಅನಂತರದವುಗಳನ್ನೂ ಕೇಳಬಹುದು.