ಸಹಿ ಒಬ್ಬರದು, ಹೊರೆ ಇನ್ನೊಬ್ಬರದು

 

2025ರ ಜುಲೈ 24ರಂದು ಭಾರತವು ಬ್ರಿಟನ್ನಿನೊಡನೆ ವ್ಯಾಪಾರ ಒಪ್ಪಂದಕ್ಕೆ ಸಹಿ ಮಾಡಿತು. ನ್ಹಾವಾ ಶೇವಾ ಬಂದರಿನಿಂದ ಸರಕು ಕಳುಹಿಸುವ ಕುಟುಂಬಗಳಿಗೆ ಇದು ನೇರವಾಗಿ ಸಂಬಂಧಿಸಿದ ವಿಷಯ. ಇದರ ಲಾಭನಷ್ಟವನ್ನು ತೂಗುವ ಮೊದಲು, ಅದೇ ಬ್ರಿಟನ್ನಿನೊಡನೆ 1932ರಲ್ಲಿ ಆದ ಒಪ್ಪಂದವನ್ನು ನೆನೆಯುವುದು ಉಚಿತ.

ಆ ವರ್ಷದ ಮಾರ್ಚಿನಲ್ಲಿ ಬ್ರಿಟನ್ ಆಮದಿನ ಮೇಲೆ ಶೇ. 10ರ ಸಾಮಾನ್ಯ ಸುಂಕವನ್ನು ಹೇರಿತು. ಭಾರತಕ್ಕೆ ದೊರೆತ ವಿನಾಯಿತಿ ನವೆಂಬರ್ 15ರವರೆಗೆ ಮಾತ್ರ. ಜುಲೈ-ಆಗಸ್ಟಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಸಾಮ್ರಾಜ್ಯದ ದೇಶಗಳು ಪರಸ್ಪರ ರಿಯಾಯಿತಿಯ ಕೂಟವನ್ನು ಕಟ್ಟಿಕೊಂಡವು. ಭಾರತದ ಮುಂದಿದ್ದ ದಾರಿಗಳು ಎರಡೇ. ಹೊರಗುಳಿದರೆ ಚಹಾ, ಸೆಣಬು, ತೊಗಲುಗಳಿಗೆ ಬ್ರಿಟನ್ನಿನಲ್ಲಿ ಸುಂಕ. ಒಳಸೇರಿದರೆ ಅನೇಕ ಬ್ರಿಟಿಷ್ ಸರಕುಗಳಿಗೆ ಶೇ. 10ರ, ಮೋಟಾರು ವಾಹನಗಳಿಗೆ ಶೇ. 7.5ರ ರಿಯಾಯಿತಿ. ವಸಾಹತು ಸರಕಾರವೇ ನಿಯೋಗವನ್ನು ಆರಿಸಿತು, ಭಾರತ ಒಳಸೇರಿತು.

ಇದರಿಂದ ಲಾಭವೇ ಆಗಲಿಲ್ಲವೆನ್ನುವುದು ಏಕಾಂತವಾದವಾದೀತು. ಅಗಸೆಬೀಜದಂಥ ಸರಕಿಗೆ ಅನುಕೂಲವಾಯಿತು. ಆದರೆ ಭಾರತದ ಗಿರಾಕಿಗಳೆಲ್ಲರೂ ಕೂಟದೊಳಗೆ ಇರಲಿಲ್ಲ. ಕಚ್ಚಾ ಹತ್ತಿಯ ಅತಿದೊಡ್ಡ ಗಿರಾಕಿ ಜಪಾನ್. 1933ರ ಜೂನಿನಲ್ಲಿ ಬ್ರಿಟಿಷೇತರ ಹತ್ತಿ ಬಟ್ಟೆಯ ಮೇಲಿನ ಸುಂಕ ಶೇ. 75ಕ್ಕೆ ಏರಿತು, ಬ್ರಿಟಿಷ್ ಬಟ್ಟೆಗೆ ಶೇ. 25 ಮಾತ್ರ. ಜಪಾನ್ ಭಾರತದ ಹತ್ತಿಯನ್ನು ಬಹಿಷ್ಕರಿಸಿತು. ಮುಂಬಯಿಯ ಗಿರಣಿಗಳೂ ಹುಬ್ಬಳ್ಳಿ-ಗದಗದ ಹತ್ತಿಯ ಹೊಲಗಳೂ ಆಗ ಒಂದೇ ಪ್ರಾಂತದಲ್ಲಿದ್ದವು. ಗಿರಣಿಯ ಒಡೆಯನಿಗೆ ರಕ್ಷಣೆಯಾದ ಸುಂಕವೇ ಬೆಳೆಗಾರನ ಪಾಲಿಗೆ ಗಿರಾಕಿಯ ನಷ್ಟವಾಯಿತು. 1934ರ ಜನವರಿಯ ರಾಜಿಯಲ್ಲಿ ಸುಂಕ ಶೇ. 50ಕ್ಕೆ ಇಳಿಯಿತು, ಜಪಾನ್ 10 ಲಕ್ಷ ಹತ್ತಿ ಬೇಲುಗಳನ್ನು ಕೊಂಡರೆ 32.5 ಕೋಟಿ ಗಜ ಬಟ್ಟೆಯನ್ನು ಇಲ್ಲಿಗೆ ಕಳುಹಿಸಬಹುದೆಂದು ನಿಶ್ಚಯವಾಯಿತು.

ವ್ಯಾಪಾರಿಗಳಲ್ಲಿಯೂ ಒಮ್ಮತವಿರಲಿಲ್ಲ. 1933ರ ಅಕ್ಟೋಬರಿನಲ್ಲಿ ಹೋಮಿ ಮೋದಿಯವರ ನೇತೃತ್ವದಲ್ಲಿ ಮುಂಬಯಿಯ ಗಿರಣಿ ಮಾಲೀಕರು ಲ್ಯಾಂಕಷೈರಿನೊಡನೆ ಒಪ್ಪಂದ ಮಾಡಿಕೊಂಡರು, ಅಹಮದಾಬಾದಿನವರು ವಿರೋಧಿಸಿದರು.

1936ರ ಮಾರ್ಚಿನಲ್ಲಿ ಕೇಂದ್ರ ಶಾಸನಸಭೆಯು ಒಟ್ಟಾವಾ ಒಪ್ಪಂದವನ್ನು ಕೊನೆಗಾಣಿಸಬೇಕೆಂದು ನಿರ್ಣಯಿಸಿತು. ಹೊಸ ಮಾತುಕತೆಗೆ ಜೈನ ಉದ್ಯಮಿ ಕಸ್ತೂರಭಾಯಿ ಲಾಲಭಾಯಿ, ಘನಶ್ಯಾಮದಾಸ ಬಿರ್ಲಾ, ಪುರುಷೋತ್ತಮದಾಸ ಠಾಕೂರದಾಸ ಮೊದಲಾದವರು ಅನಧಿಕೃತ ಸಲಹೆಗಾರರಾದರು. ಅವರು ಸಲಹೆ ನೀಡಬಹುದಿತ್ತು. ಸಹಿಯ ಅಧಿಕಾರ ಅವರದಾಗಿರಲಿಲ್ಲ. 1939ರ ಮಾರ್ಚಿನಲ್ಲಿ ಹೊಸ ಒಪ್ಪಂದ ಬಂದಾಗ ಶಾಸನಸಭೆ ಅದನ್ನು ತಿರಸ್ಕರಿಸಿತು. ಸರಕಾರ ಅದನ್ನು ಜಾರಿಗೆ ತಂದೇ ತೀರಿತು.

ಇಂದಿನ ಭಾರತ ಸ್ವತಂತ್ರ. 2019ರ ನವೆಂಬರಿನಲ್ಲಿ ಚೀನಾ ಒಳಗೊಂಡ ಆರ್‌ಸಿಇಪಿ ಕೂಟಕ್ಕೆ ಸೇರಲು ಅದು ನಿರಾಕರಿಸಿತು. ಹೊರಗುಳಿದದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಬೇಡವೆನ್ನುವ ಹಕ್ಕಾದರೂ ಇತ್ತು. ಆದರೆ ವ್ಯಾಪಾರ ಒಪ್ಪಂದಕ್ಕೆ ಸಂಸತ್ತಿನ ಪೂರ್ವಾನುಮತಿ ಇಂದಿಗೂ ಕಡ್ಡಾಯವಲ್ಲ. ಕಲ್ಯಾಣದ ನೆರೆಯ ಭಿವಂಡಿಯ ಮಗ್ಗದವನೂ ಗದಗದ ಬೆಳೆಗಾರನೂ ಒಪ್ಪಂದದ ಷರತ್ತುಗಳನ್ನು ಸಹಿಯಾದ ಬಳಿಕವೇ ತಿಳಿಯಬೇಕಾದರೆ, 1932ರ ಪಾಠ ಅರ್ಧ ಮಾತ್ರ ಕಲಿತಂತಾಯಿತು.

ಬಸದಿಯ ಟ್ರಸ್ಟು ತನ್ನ ಜಮಾಖರ್ಚನ್ನು ಸಭೆಯ ಮುಂದಿಡಲಿ ಎಂದು ಆಗ್ರಹಿಸುವ ಸಮಾಜವು ಸರಕಾರಕ್ಕೂ ಅದೇ ಮಾತನ್ನು ಹೇಳಬೇಕು: ಹೊರೆ ಹೊರುವವರನ್ನು ಕೇಳಿ, ಅನಂತರ ಸಹಿ ಮಾಡಿ.