ರೋಬೋ ಕಾಳಗ: ಆಯುಧಕ್ಕಿಂತ ಮೊದಲು ಗೋಡೆ

ಪಾರದರ್ಶಕ ಪೆಟ್ಟಿಗೆಯೊಳಗೆ ಎರಡು ಪುಟ್ಟ ಯಂತ್ರಗಳು ಎದುರುಬದುರಾಗಿವೆ. ಒಂದೊಂದರ ತೂಕ ಅರ್ಧ ಕಿಲೋ ಕೂಡ ಇಲ್ಲ. ಒಂದರ ಮುಂದೆ ಗಿರ್ರನೆ ತಿರುಗುವ ಉಕ್ಕಿನ ಚಕ್ರ, ಇನ್ನೊಂದಕ್ಕೆ ಇಳಿಜಾರು ಮೂತಿ. ಡಿಕ್ಕಿ ಹೊಡೆದ ಕೂಡಲೇ ಒಂದು ಎಗರಿ ಛಾವಣಿಗೆ ಬಡಿಯುತ್ತದೆ. ಹೊರಗೆ ನಿಂತ ಮಕ್ಕಳು ಕೇಕೆ ಹಾಕುತ್ತಾರೆ, ಯಾರಿಗೂ ಒಂದು ಗೀರೂ ಆಗುವುದಿಲ್ಲ.

ಆ ಗೀರು ತಪ್ಪಿಸುವುದನ್ನು ಕಲಿಯಲು ಈ ಆಟಕ್ಕೆ ವರ್ಷಗಳೇ ಬೇಕಾದವು. ರೋಬೋ ಕಾಳಗದ ಚರಿತ್ರೆ ಎಂದರೆ ಸಾಮಾನ್ಯವಾಗಿ ಆಯುಧಗಳ ಕಥೆ ಹೇಳುತ್ತಾರೆ. ಇವತ್ತು ಅದನ್ನು ಗೋಡೆಯ ಕಡೆಯಿಂದ ನೋಡೋಣ. ಮೊದಲ ರೋಬೋ ಕಟ್ಟಲು ಹೊರಟವರಿಗೆ ಬೇಕಾದ ಪಾಠ ಇರುವುದು ಅಲ್ಲೇ.

ಶುರುವಾದದ್ದು ಅಮೆರಿಕದಲ್ಲಿ. 1987ರಲ್ಲಿ ಡೆನ್ವರ್‌ನ ಮೈಲ್‌ಹೈಕಾನ್ ಎಂಬ ಸೈನ್ಸ್ ಫಿಕ್ಷನ್ ಸಮ್ಮೇಳನದಲ್ಲಿ 'ಕ್ರಿಟರ್ ಕ್ರಂಚ್' ಹೆಸರಿನ ಸ್ಪರ್ಧೆ ನಡೆಯಿತು. 1991ರಲ್ಲಿ ಅಟ್ಲಾಂಟಾದ ಡ್ರ್ಯಾಗನ್‌ಕಾನ್‌ನಲ್ಲಿ 'ರೋಬೋಟ್ ಬ್ಯಾಟಲ್ಸ್' ಬಂತು. ಅಲ್ಲಿ ಕಾಳಗ ತೆರೆದ ವೇದಿಕೆಯ ಮೇಲೆ. ಎದುರಾಳಿಯನ್ನು ಕೆಳಗೆ ತಳ್ಳಿದರೆ ಗೆಲುವು. ಜನ ಹತ್ತಿರದಲ್ಲೇ ಕೂತಿರುತ್ತಿದ್ದರು, ನಡುವೆ ಗೋಡೆ ಇರಲಿಲ್ಲ. ಹಾಗಾಗಿ ಚೂರು ಹಾರಿಸುವಂಥ ಆಯುಧಗಳಿಗೆ ಅಲ್ಲಿ ಜಾಗವೂ ಇರಲಿಲ್ಲ.

1992ರಲ್ಲಿ ಮಾರ್ಕ್ ಥೋರ್ಪ್ ಎಂಬ ವಿನ್ಯಾಸಕಾರ ರಿಮೋಟ್‌ನಿಂದ ಓಡುವ ವ್ಯಾಕ್ಯೂಮ್ ಕ್ಲೀನರ್ ಮಾಡಲು ಹೊರಟರು. ಕ್ಲೀನರ್ ಕೈಗೂಡಲಿಲ್ಲ, ಆದರೆ ಆ ಪ್ರಯತ್ನದಿಂದಲೇ ಒಂದು ಆಟದ ಕಲ್ಪನೆ ಹುಟ್ಟಿತು. 1994ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೋರ್ಟ್ ಮೇಸನ್‌ನಲ್ಲಿ ಮೊದಲ 'ರೋಬೋಟ್ ವಾರ್ಸ್' ನಡೆಯಿತು.

ಮರುವರ್ಷ ಅದೇ ಕಣಕ್ಕೆ 'ಬ್ಲೆಂಡೋ' ಇಳಿಯಿತು. ಕಟ್ಟಿದವರು ಜೇಮಿ ಹೈನೆಮನ್. ಮುಂದೆ 'ಮಿತ್‌ಬಸ್ಟರ್ಸ್' ಕಾರ್ಯಕ್ರಮದಿಂದ ಜಗತ್ತಿಗೆ ಪರಿಚಯವಾದವರು. ಬೋರಲು ಹಾಕಿದ ಬಾಣಲೆಯಂಥ ಹೊರಕವಚ, ಒಳಗೆ ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್. ಇಡೀ ಕವಚವೇ ಆಯುಧವಾಗಿ ತಿರುಗುತ್ತಿತ್ತು. ಅದರ ಹೊಡೆತಕ್ಕೆ ಎದುರಾಳಿಯ ಚೂರುಗಳು ಗೋಡೆ ದಾಟಿ ಹಾರಿದವು. ಇದನ್ನು ಮುಂದುವರಿಸುವುದು ಅಪಾಯ ಎಂದು ಆಯೋಜಕರು ಬ್ಲೆಂಡೋಗೆ ಜಂಟಿ ಚಾಂಪಿಯನ್ ಪಟ್ಟ ಕೊಟ್ಟು ಆಡುವುದನ್ನು ನಿಲ್ಲಿಸಿದರು. ಆ ದಿನ ಸೋತದ್ದು ಯಾವ ರೋಬೋನೂ ಅಲ್ಲ, ಗೋಡೆ.

1998ರಲ್ಲಿ ಬಿಬಿಸಿ ರೋಬೋಟ್ ವಾರ್ಸ್ ಅನ್ನು ಬ್ರಿಟನ್ನಿನ ಮನೆಮನೆಗೆ ತಂದಿತು. ಅಮೆರಿಕದಲ್ಲಿ 1999ರಲ್ಲಿ ಶುರುವಾದ 'ಬ್ಯಾಟಲ್‌ಬಾಟ್ಸ್' ಮರುವರ್ಷ ಟಿವಿಗೆ ಬಂತು. ಅದರ ಕಣ 48 ಅಡಿ ಉದ್ದ, 48 ಅಡಿ ಅಗಲ. ಸುತ್ತ ಪಾಲಿಕಾರ್ಬೊನೇಟ್ ಗೋಡೆ. ಗೋಡೆ ಗಟ್ಟಿಯಾದಷ್ಟೂ ಆಯುಧಗಳಿಗೂ ಅವಕಾಶ ಹೆಚ್ಚುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯವಿತ್ತು: ರೇಡಿಯೋ. ಹಳೆಯ ಟ್ರಾನ್ಸ್‌ಮಿಟರ್‌ಗಳಲ್ಲಿ ಕ್ರಿಸ್ಟಲ್ ಹಾಕಿ ಚಾನೆಲ್ ಆರಿಸಬೇಕಿತ್ತು. ಇಬ್ಬರದ್ದೂ ಒಂದೇ ಚಾನೆಲ್ ಆದರೆ ಒಬ್ಬರು ರಿಮೋಟ್ ಆನ್ ಮಾಡಿದಾಗ ಇನ್ನೊಬ್ಬರ ಮೇಜಿನ ಮೇಲಿನ ರೋಬೋ ಅಲುಗಾಡಬಹುದಿತ್ತು. 2.4 ಗಿಗಾಹರ್ಟ್ಸ್ ರೇಡಿಯೋ ಬಂದ ಮೇಲೆ ಪ್ರತಿ ರಿಸೀವರ್ ತನ್ನ ಜೋಡಿ ಟ್ರಾನ್ಸ್‌ಮಿಟರ್ ಮಾತನ್ನಷ್ಟೇ ಕೇಳುತ್ತದೆ. ವಿಮಾನದ ಮಾದರಿಗಳಿಗೆ ಮತ್ತು ಡ್ರೋನ್‌ಗಳಿಗೆ ತಯಾರಾದ ಬ್ರಷ್‌ಲೆಸ್ ಮೋಟರ್, ಲಿಪೋ ಬ್ಯಾಟರಿಗಳೂ ಅಗ್ಗವಾದವು. ಕಾಳಗ ಗ್ಯಾರೇಜಿನಿಂದ ಓದುವ ಮೇಜಿಗೆ ಬಂತು. ಬ್ರಿಟನ್ನಿನಲ್ಲಿ 150 ಗ್ರಾಂ, ಅಮೆರಿಕದಲ್ಲಿ 454 ಗ್ರಾಂ ತೂಕದ ವರ್ಗಕ್ಕೆ 'ಆಂಟ್‌ವೆಯ್ಟ್' ಎಂದು ಹೆಸರು, ಅಂದರೆ ಇರುವೆ ತೂಕ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಟೆಕ್ ಫೆಸ್ಟ್‌ಗಳಲ್ಲಿ 'ರೋಬೋವಾರ್' ನೋಡಿದವರಿಗೆ ಇನ್ನೂ ಭಾರದ ಯಂತ್ರಗಳೇ ನೆನಪಿರಬಹುದು. ಕಲಿಯುವವರಿಗೆ ಹೇಳಿ ಮಾಡಿಸಿದ್ದು ಈ ಇರುವೆಗಳು.

ಆದರೆ ಇರುವೆ ಎಂದು ಹಗುರವಾಗಿ ನೋಡಬೇಡಿ. ಲೆಕ್ಕ ಹಾಕೋಣ. 100 ಗ್ರಾಂ ತೂಕದ, 8 ಸೆಂಟಿಮೀಟರ್ ಅಗಲದ ಉಕ್ಕಿನ ಚಕ್ರ ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 150 ಕಿಲೋಮೀಟರ್. ಅದರಲ್ಲಿ ತುಂಬಿರುವ ಶಕ್ತಿ ಸುಮಾರು 44 ಜೂಲ್. ಒಂದು ಕಿಲೋ ಕಬ್ಬಿಣದ ತೂಕಕಲ್ಲನ್ನು ನಾಲ್ಕೂವರೆ ಮೀಟರ್ ಎತ್ತರದಿಂದ ಬಿಟ್ಟರೆ ನೆಲಕ್ಕೆ ಬೀಳುವ ಪೆಟ್ಟು ಅಷ್ಟಿರುತ್ತದೆ. ಇಲ್ಲಿ ಅಷ್ಟೂ ಚಕ್ರದ ಒಂದು ಹಲ್ಲಿನ ತುದಿಯಲ್ಲಿ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು.

ಅದಕ್ಕೇ ಮೊದಲ ರೋಬೋಗೆ ತಿರುಗುವ ಆಯುಧ ಬೇಡ. ಇಳಿಜಾರು ಮೂತಿಯ ವೆಜ್ ಕಟ್ಟಿ. ಎರಡು ಗೇರ್ ಮೋಟರ್, ವೇಗ ನಿಯಂತ್ರಿಸುವ ಇಎಸ್‌ಸಿ, ರಿಸೀವರ್, ಪುಟ್ಟ ಲಿಪೋ, ಒಂದು ಸ್ವಿಚ್ ಸಾಕು. ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆ ಕತ್ತರಿಸಿದರೆ ಒಳ್ಳೆಯ ಚಾಸಿಸ್ ಆಗುತ್ತದೆ. ಬೆಂಗಳೂರಿನವರಿಗೆ ಬಿಡಿಭಾಗ ಹುಡುಕಲು ಎಸ್.ಪಿ. ರಸ್ತೆ ಇದೆ.

ಕಟ್ಟಿದ ಕೂಡಲೇ ಫೇಲ್‌ಸೇಫ್, ಅಂದರೆ ರೇಡಿಯೋ ಸಂಪರ್ಕ ತಪ್ಪಿದರೆ ರೋಬೋ ತಾನೇ ನಿಲ್ಲುವ ವ್ಯವಸ್ಥೆಯನ್ನು ಪರೀಕ್ಷಿಸಿ. ಚಕ್ರಗಳು ನೆಲಕ್ಕೆ ತಾಗದಂತೆ ರೋಬೋವನ್ನು ಎತ್ತರದ ಮೇಲಿಟ್ಟು, ಓಡುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟರ್‌ಗಳು ನಿಲ್ಲಬೇಕು. ನಿಲ್ಲದಿದ್ದರೆ ಅದು ಕಣಕ್ಕೆ ಹೋಗುವಂತಿಲ್ಲ.

ಲಿಪೋ ವಿಷಯದಲ್ಲಿ ರಾಜಿ ಬೇಡ. ಬ್ಯಾಲೆನ್ಸ್ ಚಾರ್ಜರ್‌ನಲ್ಲೇ ಚಾರ್ಜ್ ಮಾಡಿ. ಒಂದು ಸೆಲ್‌ಗೆ 4.2 ವೋಲ್ಟ್ ಮೀರಬಾರದು. ಚಾರ್ಜಿಗೆ ಹಾಕಿ ಮಲಗಬೇಡಿ, ಹೊರಗೆ ಹೋಗಬೇಡಿ. ಉಬ್ಬಿದ, ತೂತಾದ ಬ್ಯಾಟರಿಯನ್ನು ಮತ್ತೆ ಬಳಸಲೇಬೇಡಿ.

ಮುಂದೆ ಆಯುಧ ಸೇರಿಸಿದಾಗ ಈ ಕ್ರಮ ಕೈಗೆ ರೂಢಿಯಾಗಲಿ. ಕಣದ ಹೊರಗಿರುವಷ್ಟು ಹೊತ್ತು ಆಯುಧ ತಿರುಗದಂತೆ ಅದಕ್ಕೆ ಲಾಕ್ ಇರಲಿ. ಮೊದಲು ಟ್ರಾನ್ಸ್‌ಮಿಟರ್ ಆನ್. ಲಾಕ್ ಹಾಕಿದ ರೋಬೋವನ್ನು ಪೆಟ್ಟಿಗೆಯಲ್ಲಿಟ್ಟು ಪವರ್ ಕೊಡಿ. ಆಮೇಲೆ ಲಾಕ್ ತೆಗೆಯಿರಿ, ಕೈ ಹೊರಗೆ, ಬಾಗಿಲು ಭದ್ರ. ಪಂದ್ಯ ಮುಗಿದು ಆಯುಧ ಪೂರ್ತಿ ನಿಂತ ಮೇಲೆ ಮೊದಲು ಲಾಕ್, ನಂತರ ಪವರ್ ಆಫ್. ಕೋಣೆಯಲ್ಲಿ, ತಾರಸಿಯ ಮೇಲೆ, ಬಯಲಿನಲ್ಲಿ ಆಯುಧ ತಿರುಗಿಸಿ ನೋಡುವುದು ಬೇಡವೇ ಬೇಡ. ಸ್ವಂತ ಪೆಟ್ಟಿಗೆ ಕಟ್ಟುವುದಾದರೆ ಗೋಡೆಗೆ ಅಕ್ರಿಲಿಕ್ ಹಾಕಬೇಡಿ, ಪೆಟ್ಟು ಬಿದ್ದರೆ ಸಿಡಿದು ಚೂರಾಗುತ್ತದೆ. ಪಾಲಿಕಾರ್ಬೊನೇಟ್ ಬಾಗಿ ತಡೆದುಕೊಳ್ಳುತ್ತದೆ. ಒಳ್ಳೆಯ ಪೆಟ್ಟಿಗೆ ಇಲ್ಲದಿದ್ದರೆ ಅದು ಇರುವ ಸ್ಪರ್ಧೆಗೇ ಹೋಗಿ.

ಹೋದಾಗ ಕಣದ ಮುಂದೆ ಜಾಗ ಹಿಡಿಯುವ ಮೊದಲು ಸುರಕ್ಷತಾ ತಪಾಸಣೆಯ ಮೇಜಿನ ಹತ್ತಿರ ನಿಲ್ಲಿ. ಯಾವ ರೋಬೋವನ್ನು ಯಾಕೆ ವಾಪಸ್ ಕಳಿಸಿದರು ಎಂದು ಕೇಳಿ ತಿಳಿದುಕೊಳ್ಳಿ. ನಿಮ್ಮ ಮೊದಲ ರೋಬೋ ಪಂದ್ಯ ಗೆಲ್ಲದಿದ್ದರೂ ಪರವಾಗಿಲ್ಲ, ಆ ಮೇಜಿನಲ್ಲಿ ಪಾಸಾಗಲಿ. ಆಯುಧದ ಬಗ್ಗೆ ಯೋಚಿಸಲು ಎರಡನೆಯ ರೋಬೋ ಇದ್ದೇ ಇದೆ.