ಕಲ್ಲಿದ್ದಲು ಹಡಗಿನ ಹುಡುಗ

ಕ್ಯಾಪ್ಟನ್ ಜೇಮ್ಸ್ ಕುಕ್ ಹೆಸರು ಶಾಲೆಯ ಭೂಗೋಳ ಪಾಠದಲ್ಲಿ ಕೇಳಿದ್ದೇ. ಪೆಸಿಫಿಕ್ ಸಾಗರಕ್ಕೆ ಮೂರು ಸಲ ಯಾನ ಕೈಗೊಂಡವನು, ಆಸ್ಟ್ರೇಲಿಯದ ಪೂರ್ವ ಕರಾವಳಿಯ ನಕ್ಷೆ ಬರೆದವನು. ಆದರೆ ಈ ಕಪ್ತಾನ ಹುಟ್ಟಿದ್ದು ಕೂಲಿಕಾರನ ಮನೆಯಲ್ಲಿ.

1728ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಮಾರ್ಟನ್ ಹಳ್ಳಿಯಲ್ಲಿ ಜನಿಸಿದ ಕುಕ್‌ನ ತಂದೆ ಹೊಲದ ಆಳು. ಜಮೀನಿನ ಒಡೆಯ ಫೀಸು ತುಂಬಿದ್ದರಿಂದ ಹುಡುಗ ನಾಲ್ಕಕ್ಷರ ಕಲಿತ. ಹದಿಹರೆಯದಲ್ಲಿ ಕಡಲತೀರದ ಅಂಗಡಿಯೊಂದಕ್ಕೆ ಸೇರಿದ. ತಕ್ಕಡಿ ಹಿಡಿಯುವ ಕೆಲಸ ಒಗ್ಗಲಿಲ್ಲ. 1746ರಲ್ಲಿ ವ್ಹಿಟ್ಬಿ ಬಂದರಿನ ಹಡಗು ಮಾಲೀಕ ಜಾನ್ ವಾಕರ್ ಬಳಿ ಕೆಲಸ ಕಲಿಯಲು ನಿಂತ.

ವಾಕರನ ಹಡಗುಗಳು ಲಂಡನ್ನಿಗೆ ಕಲ್ಲಿದ್ದಲು ಸಾಗಿಸುತ್ತಿದ್ದವು. ಮೈಕೈಯೆಲ್ಲ ಮಸಿ. ಆದರೆ ಆ ದಾರಿಯೇ ದೊಡ್ಡ ಪಾಠಶಾಲೆ. ಅಲ್ಲಿ ನೀರಿನಡಿಯ ಮರಳದಿಬ್ಬಗಳು ಜಾಗ ಬದಲಿಸುತ್ತಿರುತ್ತವೆ. ಮಂಜು ಮುಸುಕಿದರೆ ದಡ ಕಾಣದು. ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ಅಳೆಯಬೇಕು. ಗುಂಡಿನ ತಳಕ್ಕೆ ಸವರಿದ ಕೊಬ್ಬಿಗೆ ಅಂಟಿ ಬಂದದ್ದು ಮರಳೋ ಕೆಸರೋ ನೋಡಿ ಹಡಗು ಎಲ್ಲಿದೆಯೆಂದು ಊಹಿಸಬೇಕು. ಯಾನವಿಲ್ಲದ ಚಳಿಗಾಲದಲ್ಲಿ ಕುಕ್ ಗಣಿತ, ಖಗೋಳಶಾಸ್ತ್ರ ಓದಿಕೊಂಡ.

1755ರಲ್ಲಿ ವಾಕರ್ ಒಂದು ಹಡಗನ್ನೇ ವಹಿಸಿಕೊಡಲು ಮುಂದಾದ. ಕುಕ್ ಒಪ್ಪದೆ ನೌಕಾಪಡೆಗೆ ಸಾಮಾನ್ಯ ನಾವಿಕನಾಗಿ ಸೇರಿದ. ಇದು ಹುಚ್ಚುತನವೆನಿಸಬಹುದು. ಆದರೆ ನೌಕಾಪಡೆಯಲ್ಲಿ ಎರಡು ದಾರಿಗಳಿದ್ದವು. ಅಧಿಕಾರಿಯಾಗಲು ಬಹುಮಟ್ಟಿಗೆ ಮನೆತನ, ವಶೀಲಿ ಬೇಕು. ಹಡಗಿನ ದಿಕ್ಕುದಾರಿ ನೋಡಿಕೊಳ್ಳುವ 'ಮಾಸ್ಟರ್' ಹುದ್ದೆಗೆ ವಿದ್ಯೆ ಮುಖ್ಯ, ಪರೀಕ್ಷೆ ಪಾಸಾಗಬೇಕು. ಎರಡೇ ವರ್ಷದಲ್ಲಿ ಕುಕ್ ಮಾಸ್ಟರ್ ಆದ. ಕೆನಡಾದ ಸೇಂಟ್ ಲಾರೆನ್ಸ್ ನದಿಯಲ್ಲಿ, ನ್ಯೂಫೌಂಡ್‌ಲೆಂಡ್ ಕರಾವಳಿಯಲ್ಲಿ ಅಳತೆ ಮಾಡಿ ನಕ್ಷೆಗಾರನೆಂದು ಹೆಸರು ಗಳಿಸಿದ.

ಲೆಫ್ಟಿನೆಂಟ್ ಪದವಿ ದೊರೆತದ್ದು 1768ರಲ್ಲಿ, 39ನೇ ವಯಸ್ಸಿನಲ್ಲಿ. ಮೊದಲ ಮಹಾಯಾನಕ್ಕೆ ಸಿಕ್ಕ 'ಎಂಡೆವರ್' ವ್ಹಿಟ್ಬಿಯಲ್ಲೇ ಕಟ್ಟಿದ ಕಲ್ಲಿದ್ದಲು ಹಡಗು! 1770ರಲ್ಲಿ ಅದು ಆಸ್ಟ್ರೇಲಿಯದ ಹವಳದ ದಿಬ್ಬಕ್ಕೆ ಬಡಿದು ತೂತಾಯಿತು. ತಳ ಚಪ್ಪಟೆಯಾಗಿದ್ದರಿಂದ ದಡಕ್ಕೆಳೆದು ರಿಪೇರಿ ಮಾಡಲು ಅನುಕೂಲವಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧವಾದೀತು. ಅದೇ ವರ್ಷ ಕುಕ್ ಆ ಕರಾವಳಿಯನ್ನು, ಅಲ್ಲಿನ ಮೂಲನಿವಾಸಿಗಳನ್ನು ಕೇಳದೆಯೇ, ಬ್ರಿಟಿಷ್ ದೊರೆಯದೆಂದು ಸಾರಿದ. 1788ರಲ್ಲಿ ಕೈದಿಗಳ ವಸಾಹತು ಬಂತು. ಅವರು ನೆಲ ಕಳೆದುಕೊಳ್ಳತೊಡಗಿದರು. 1779ರ ಫೆಬ್ರವರಿ 14ರಂದು ಹವಾಯಿಯಲ್ಲಿ, ಕಳುವಾದ ದೋಣಿಗಾಗಿ ಅಲ್ಲಿನ ಅರಸನನ್ನೇ ಒತ್ತೆಯಿಡಲು ಹೋಗಿ ಕುಕ್ ಪ್ರಾಣ ತೆತ್ತ.

ವಿದ್ಯೆ ಕೂಲಿಯ ಮಗನನ್ನು ಕಪ್ತಾನನಾಗಿಸಿತು. ಆ ವಿದ್ಯೆಯಿಂದ ಹುಟ್ಟಿದ ನಕ್ಷೆ ಯಾರ ಕೈ ಸೇರಿತು ಎಂಬುದನ್ನೂ ನೆನೆಯಬೇಕು.